ಎಂಜಿನ್ ನಿಂತ ಮೇಲೂ ತಿರುಗಬೇಕು

ಮಗಳೇ,

ನೀನು ಕಳಿಸಿದ ಡ್ರಾಯಿಂಗನ್ನೂ ಲೆಕ್ಕದ ಹಾಳೆಯನ್ನೂ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದು, ಎರಡು ದಿನ ಮೇಜಿನ ಮೇಲೆ ಹರಡಿಕೊಂಡು ನೋಡಿದೆ. ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. ಪೀಣ್ಯದ ಕಂಪನಿಗೆ ಸೇರಿ ವರ್ಷ ತುಂಬುವ ಮೊದಲೇ ಹೊಸ ಲೋಡರಿನ ಸ್ಟೀರಿಂಗ್ ಆರಿಸುವ ಕೆಲಸವನ್ನು ನಿನ್ನ ಕೈಗೆ ಕೊಟ್ಟಿದ್ದಾರೆ. ನಿಮ್ಮಪ್ಪನಿಗೆ ಇದನ್ನು ಹೇಳಿದಾಗ ಅವನ ಮುಖ ನೀನು ನೋಡಬೇಕಿತ್ತು. ‘ದೊಡ್ಡಪ್ಪ, 200 ಸಿಸಿ ಅಂತ ಬರುತ್ತಿದೆ, ಆರ್ಡರ್ ಹಾಕಿಸಲಾ?’ ಎಂದು ಕೊನೆಯಲ್ಲಿ ಬರೆದಿದ್ದೀಯ. ಇನ್ನೊಂದು ವಾರ ತಡಿ. ನಿನ್ನ ಹಾಳೆಯಲ್ಲಿ ಒಂದು ಲೆಕ್ಕ ಬಾಕಿ ಇದೆ. ಅದನ್ನು ಕ್ಯಾಟಲಾಗ್ ತಾನಾಗಿ ಕೇಳುವುದಿಲ್ಲ, ನಿಮ್ಮ ಮ್ಯಾನೇಜರೂ ಕೇಳಲಿಕ್ಕಿಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲವೆಂದು ಕೂತು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಯಾಗಿ ಕೂರಲಿ. ನಿಮ್ಮಪ್ಪನ ಕಾರಿನಲ್ಲಿ ಪವರ್ ಸ್ಟೀರಿಂಗ್ ಕೆಟ್ಟರೆ ಸ್ಟೀರಿಂಗ್ ಭಾರವಾಗುತ್ತದೆ, ಆದರೆ ತಿರುಗುತ್ತದೆ. ಕೈಯಿಂದ ಗಾಲಿಯವರೆಗೆ ಕಬ್ಬಿಣದ ಸರಳು, ಹಲ್ಲು, ಕೀಲು ಒಂದಕ್ಕೊಂದು ಕೂಡಿಕೊಂಡೇ ಇರುತ್ತವೆ. ಲೋಡರಿನಲ್ಲಿ ಹಾಗಿಲ್ಲ. ಡ್ರೈವರ್ ಹಿಡಿದ ಚಕ್ರದ ಕೆಳಗೆ ಕಾಲಮ್ಮು, ಕಾಲಮ್ಮಿನ ಬುಡದಲ್ಲಿ ಎರಡು ಮುಷ್ಟಿಯಷ್ಟು ದೊಡ್ಡದೊಂದು ಬೀಡು ಉಂಡೆ, ಅಲ್ಲಿಂದ ಸಿಲಿಂಡರಿಗೆ ಎರಡು ರಬ್ಬರ್ ಹೋಸು. ಅಲ್ಲಿಗೆ ಮುಗಿಯಿತು. ಹತ್ತು ಟನ್ ಗಾಡಿಗೂ ಮನುಷ್ಯನ ಕೈಗೂ ನಡುವೆ ಇರುವುದು ಬರೀ ಎಣ್ಣೆ. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಇದನ್ನು ನಂಬಲಿಕ್ಕೇ ಆಗಿರಲಿಲ್ಲ. ಕಾಲಮ್ಮಿನ ಕೆಳಗೆ ಬಗ್ಗಿ, ಸರಳು ಎಲ್ಲಿದೆ ಎಂದು ಹುಡುಕಿದ್ದೆ.

ಆ ಉಂಡೆಗೆ ನಮ್ಮ ಕಡೆ ಮೆಕ್ಯಾನಿಕ್‌ಗಳೆಲ್ಲ ಆರ್ಬಿಟ್ರಾಲ್ ಎನ್ನುತ್ತಾರೆ. ವನಸ್ಪತಿಗೆಲ್ಲ ಡಾಲ್ಡಾ ಎಂದ ಹಾಗೆ ಒಂದು ಕಂಪನಿಯ ಬ್ರ್ಯಾಂಡ್ ಹೆಸರು ಎಲ್ಲದಕ್ಕೂ ಅಂಟಿಕೊಂಡಿದೆ. ಅಮೆರಿಕದ ಮಿನೆಸೋಟಾದಲ್ಲಿ ಲಿನ್ ಚಾರ್ಲ್‌ಸನ್ ಎಂಬಾತ ಇದರ ಒಳಗಿನ ಸುತ್ತುವ ಗೇರಿನ ಉಪಾಯ ಕಂಡುಕೊಂಡ. ಅವನ ಚಾರ್-ಲಿನ್ ಕಂಪನಿಯನ್ನು ಮುಂದೆ ಈಟನ್ ಕೊಂಡಿತು. ಡೆನ್ಮಾರ್ಕಿನ ಡ್ಯಾನ್‌ಫಾಸ್ ತನ್ನದೇ ಸಾಲನ್ನು ಬೆಳೆಸಿತು. 2021ರಲ್ಲಿ ಈಟನ್ನಿನ ಹೈಡ್ರಾಲಿಕ್ಸ್ ವಿಭಾಗವೇ ಡ್ಯಾನ್‌ಫಾಸ್ ಪಾಲಾಯಿತು. ಇವತ್ತು ಹಲವು ದೇಶಗಳಲ್ಲಿ ಹಲವು ಕಂಪನಿಗಳು ಇದನ್ನು ಮಾಡುತ್ತವೆ, ಒಳಗಿನ ಉಪಾಯ ಮಾತ್ರ ಬಹುಪಾಲು ಅದೇ.

ಆ ಉಪಾಯ ನಿನ್ನ ಕಣ್ಣಿಗೆ ಕಟ್ಟಬೇಕು. ಅದು ಕಟ್ಟದೆ ಕ್ಯಾಟಲಾಗ್ ಓದಿದರೆ ಬರೀ ಅಂಕಿ ಕಾಣುತ್ತವೆ. ಉಂಡೆಯೊಳಗೆ ಎರಡು ಭಾಗ. ಮೇಲೆ ಒಂದರೊಳಗೊಂದು ಕೂತ ಎರಡು ಉಕ್ಕಿನ ಕೊಳವೆ: ಒಳಗಿನದು ಸ್ಪೂಲ್, ಹೊರಗಿನದು ಸ್ಲೀವ್. ಎರಡರ ಮೈಯಲ್ಲೂ ತೂತು, ತೋಡು. ಡ್ರೈವರ್ ಚಕ್ರ ತಿರುಗಿಸಿದರೆ ಮೊದಲು ಸ್ಪೂಲ್ ತಿರುಗುತ್ತದೆ. ಎಲೆಯಂಥ ತೆಳು ಸ್ಪ್ರಿಂಗುಗಳು ಬಾಗಿ, ಸ್ಪೂಲಿಗೂ ಸ್ಲೀವಿಗೂ ನಡುವೆ ಕೆಲವು ಡಿಗ್ರಿ ಅಂತರ ಬೀಳುತ್ತದೆ, ತೂತುಗಳು ಒಂದಕ್ಕೊಂದು ಎದುರಾಗುತ್ತವೆ, ಎಣ್ಣೆಗೆ ದಾರಿ ಸಿಗುತ್ತದೆ. ಹೀಗೆ ಹೊರಟ ಎಣ್ಣೆ ನೇರ ಸಿಲಿಂಡರಿಗೆ ಹೋಗುವುದಿಲ್ಲ. ಕೆಳಭಾಗದಲ್ಲಿ ಏಳು ಉಬ್ಬಿನ ಬಳೆಯೊಳಗೆ ಆರು ಹಲ್ಲಿನ ನಕ್ಷತ್ರದಂಥ ರೋಟರ್ ಇದೆ. ಎಣ್ಣೆ ಅದರ ಮೂಲಕ ಹಾದು, ಅದನ್ನು ತಿರುಗಿಸಿ, ಅಳತೆಯಾಗಿ ಆಮೇಲೆ ಹೊರಡುತ್ತದೆ. ರೋಟರ್ ತಿರುಗಿದಷ್ಟೂ ಒಂದು ಕಾರ್ಡನ್ ಶಾಫ್ಟ್ ಸ್ಲೀವನ್ನೂ ತಿರುಗಿಸುತ್ತದೆ. ಸ್ಲೀವ್ ಬೆನ್ನಟ್ಟಿ ಬಂದು ಸ್ಪೂಲನ್ನು ಹಿಡಿದುಕೊಂಡ ಕೂಡಲೇ ತೂತು ಮುಚ್ಚುತ್ತದೆ. ಕೈ ನಿಂತರೆ ಗಾಲಿ ನಿಲ್ಲುತ್ತದೆ. ಕೈ ಎಷ್ಟು ಸುತ್ತಿತೋ ಅಷ್ಟೇ ಎಣ್ಣೆ, ಒಂದು ಸೇರೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಅಂಗಡಿಯವನು ಅಳೆದು ಕೊಟ್ಟ ಹಾಗೆ.

ನೀನು ಬರೆದ 200 ಸಿಸಿ ಎಂದರೆ ಅದೇ ಸೇರು. ಚಕ್ರದ ಒಂದು ಸುತ್ತಿಗೆ 200 ಘನ ಸೆಂಟಿಮೀಟರ್ ಎಣ್ಣೆ ದಾಟುತ್ತದೆ. ಒಂದೇ ಸಾಲಿನಲ್ಲಿ ಸಿಸಿ ಏರಿದಂತೆ ರೋಟರ್ ಜೋಡಿಯ ದಪ್ಪ ಏರುತ್ತದೆ, ಮೇಲಿನ ಬಾಡಿ ಹಾಗೆಯೇ ಇರುತ್ತದೆ. ನಾಮಫಲಕ ಹಾರಿಹೋದ ಹಳೆಯ ಯೂನಿಟ್ ಕೈಗೆ ಬಂದಾಗ ನಾನು ಆ ದಪ್ಪವನ್ನೇ ವರ್ನಿಯರ್‌ನಿಂದ ಅಳೆದು ಸಿಸಿ ಗುರುತಿಸುತ್ತೇನೆ.

ಈ ಜೋಡಣೆ ಎಷ್ಟು ಸೂಕ್ಷ್ಮ ಎನ್ನುವುದಕ್ಕೆ ಒಂದು ಘಟನೆ ಹೇಳಲೇಬೇಕು. ಹೊಸಪೇಟೆಯಲ್ಲಿ ನನ್ನದೇ ಶೆಡ್ ಹಾಕಿದ ಮೊದಲ ವರ್ಷ. ಒಂದು ಹಳೆಯ ಬ್ಯಾಕ್‌ಹೋ, ಊರಿನವರೆಲ್ಲ ಜೆಸಿಬಿ ಎನ್ನುವಂಥದ್ದು, ಸ್ಟೀರಿಂಗ್ ಸೋರುತ್ತದೆ ಎಂದು ಬಂತು. ಸೀಲ್ ಕಿಟ್ ಹಾಕಿದೆ. ಕೆಳಗಿನ ಮುಚ್ಚಳ ಬಿಗಿಯುವ ಮೊದಲು ರೋಟರನ್ನು ಕಾರ್ಡನ್ ಶಾಫ್ಟಿನ ಮೇಲೆ ಕೂರಿಸಬೇಕು. ಎರಡು ಹಲ್ಲುಗಳ ನಡುವಿನ ತಗ್ಗು ಅಡ್ಡಪಿನ್ನಿನ ಸಾಲಿಗೆ ಬರಬೇಕು ಎಂದು ಕಂಪನಿಯ ಪುಸ್ತಕದಲ್ಲಿ ಚಿತ್ರವೇ ಇತ್ತು. ನಾನು ಚಿತ್ರ ನೋಡಿರಲಿಲ್ಲ. ಯಾವ ಹಲ್ಲಿಗೆ ಹಾಕಿದರೂ ಸಲೀಸಾಗಿ ಕೂರುತ್ತದಲ್ಲ, ಹಾಗೇ ಕೂರಿಸಿ ಬೋಲ್ಟ್ ಬಿಗಿದೆ. ಡ್ರೈವರ್ ಹತ್ತಿ ಚಾವಿ ತಿರುಗಿಸಿದ. ಎಂಜಿನ್ ಹಿಡಿದದ್ದೇ ತಡ, ಸ್ಟೀರಿಂಗ್ ಚಕ್ರ ತಾನೇ ಗಿರ್ರನೆ ಸುತ್ತತೊಡಗಿತು. ಅವನ ಹೆಬ್ಬೆರಳು ಕಡ್ಡಿಯ ಸಂದಿಯಲ್ಲಿತ್ತು. ಎಲುಬು ಮುರಿದ ಸದ್ದು ಎಂಜಿನ್ ಸದ್ದಿನಲ್ಲೂ ನನಗೆ ಕೇಳಿಸಿತು. ಟೈಮಿಂಗ್ ಒಂದು ಹಲ್ಲು ತಪ್ಪಿದರೆ ಆ ಯೂನಿಟ್ ಅಳತೆಯ ಸೇರಾಗಿ ಉಳಿಯುವುದಿಲ್ಲ, ಮೋಟರ್ ಆಗಿಬಿಡುತ್ತದೆ. ಅಂದಿನಿಂದ ರಿಪೇರಿಯಾದ ಯೂನಿಟ್ಟನ್ನು ಚಾಲು ಮಾಡುವಾಗ ಚಕ್ರದ ಮೇಲೆ ಯಾರ ಕೈಯನ್ನೂ ಇಡಗೊಡುವುದಿಲ್ಲ. ನಿಮ್ಮ ಕಂಪನಿಯ ಅಸೆಂಬ್ಲಿ ಹುಡುಗರಿಗೂ ಇದನ್ನು ಹೇಳು. ಹೊಸ ಗಾಡಿಯಲ್ಲಿ ಹೋಸು ಅದಲುಬದಲಾಗಿರುವುದೂ ಉಂಟು.

ಇನ್ನು ನಿನ್ನ ಲೆಕ್ಕ. ನಡುವೆ ಮಡಚುವ ಗಾಡಿ, ಎರಡು ಸಿಲಿಂಡರು, ಬೋರ್ 50 ಮಿ.ಮೀ., ರಾಡ್ 30, ಸ್ಟ್ರೋಕ್ 250. ಒಂದು ಸಿಲಿಂಡರ್ ಉದ್ದವಾಗುವಾಗ ಇನ್ನೊಂದು ಕುಗ್ಗುತ್ತದೆ. ಆದ್ದರಿಂದ ಒಂದರ ಪೂರ್ತಿ ಬೋರನ್ನೂ ಇನ್ನೊಂದರ ರಾಡ್ ಕಳೆದ ಉಂಗುರವನ್ನೂ ಕೂಡಿಸಿದ್ದೀಯ. ಸುಮಾರು 1963 ಮತ್ತು 1257, ಒಟ್ಟು 3220 ಚದರ ಮಿಲಿಮೀಟರು. ಸ್ಟ್ರೋಕಿನಿಂದ ಗುಣಿಸಿದರೆ 805 ಸಿಸಿ. ಲಾಕ್‌ನಿಂದ ಲಾಕ್‌ಗೆ ನಾಲ್ಕು ಸುತ್ತು ಬೇಕೆಂದು ನಾಲ್ಕರಿಂದ ಭಾಗಿಸಿ 201, ಕ್ಯಾಟಲಾಗಿನ ಅಳತೆಯಲ್ಲಿ 200. ಹುಡುಗರಲ್ಲಿ ಹತ್ತಕ್ಕೆ ಏಳು ಜನ ಎರಡೂ ಸಿಲಿಂಡರಿಗೆ ಪೂರ್ತಿ ಬೋರನ್ನೇ ಹಿಡಿದು ಎಡವುತ್ತಾರೆ, ನೀನು ಎಡವಿಲ್ಲ. ಒಂದೇ ಸಿಲಿಂಡರಿನ ಗಾಡಿಯಾದರೆ ಎಡಕ್ಕೆ ಒಂದು ಲೆಕ್ಕ, ಬಲಕ್ಕೆ ಇನ್ನೊಂದು ಬರುತ್ತದೆ ಎನ್ನುವುದನ್ನೂ ನೆನಪಿಡು. ಎರಡೂ ಕಡೆ ರಾಡ್ ಹೊರಬಂದ ಸಿಲಿಂಡರನ್ನು ಮುಂದಿನ ಆಕ್ಸಲ್‌ಗೆ ಹಾಕುವುದು ಈ ತಾರತಮ್ಯ ಬೇಡವೆಂದೇ.

ಗಾಡಿ ದೊಡ್ಡದಾದರೆ ಈ ದಾರಿ ಬೇಗ ಮುಗಿಯುತ್ತದೆ. ಬೋರ್ 80, ರಾಡ್ 40, ಸ್ಟ್ರೋಕ್ 350 ಇದ್ದರೆ ನಾಲ್ಕು ಸುತ್ತಿಗೆ ಸುಮಾರು 770 ಸಿಸಿ ಬೇಕಾಗುತ್ತದೆ. ಸಾಮಾನ್ಯ ಸಾಲುಗಳಲ್ಲಿ ಅಷ್ಟು ದೊಡ್ಡ ಯೂನಿಟ್ ಇರುವುದಿಲ್ಲ. ಅಲ್ಲಿ ಚಿಕ್ಕ ಯೂನಿಟ್ ಇಟ್ಟು, ಅದರ ಎಣ್ಣೆಯನ್ನು ಹಲವು ಪಟ್ಟು ಮಾಡಿ ಕಳಿಸುವ ಫ್ಲೋ ಆಂಪ್ಲಿಫೈಯರ್ ಹಾಕುತ್ತಾರೆ. ಸಂಡೂರಿನ ಗಣಿಗಳಲ್ಲಿ ನೀನು ಚಿಕ್ಕವಳಿದ್ದಾಗ ಬಾಯಿ ಬಿಟ್ಟು ನೋಡುತ್ತಿದ್ದ ದೊಡ್ಡ ಲೋಡರುಗಳದ್ದು ಆ ಜಾತಿ.

ನಿನ್ನ ಹಾಳೆ 200ಕ್ಕೆ ಬಂದು ನಿಂತಿದೆ. ನನ್ನ ಮಾತು ಶುರುವಾಗುವುದು ಅಲ್ಲಿಂದ.

ಒಂದು ಹಳೆಯ ಘಟನೆ ಹೇಳುತ್ತೇನೆ. ಆಗ ನನಗೆ ಮೂವತ್ತೆರಡೋ ಮೂವತ್ಮೂರೋ. ಸಂಡೂರಿನ ಕಡೆಯ ಒಬ್ಬ ಗುತ್ತಿಗೆದಾರರ ಲೋಡರು. ಡ್ರೈವರ್ ದಿನವಿಡೀ ಅದಿರಿನ ರಾಶಿಗೂ ಟಿಪ್ಪರಿಗೂ ನಡುವೆ ಮುಂದೆ ಹಿಂದೆ ಆಡುತ್ತಾನೆ, ಸ್ಟೀರಿಂಗ್ ಸುತ್ತಿ ಸುತ್ತಿ ಭುಜ ಹಿಡಿದುಕೊಳ್ಳುತ್ತದೆ. ‘ಸುತ್ತು ಕಮ್ಮಿ ಮಾಡಿಕೊಡಿ’ ಎಂದು ಕೇಳಿದ. ಕೇಳಿದ್ದು ನ್ಯಾಯವಾಗೇ ಇತ್ತು. ಇದ್ದದ್ದು 125 ಸಿಸಿ, ನಾನು 200 ಹಾಕಿಕೊಟ್ಟೆ. ಹೋಸು ಅದೇ, ಬೋಲ್ಟಿನ ತೂತು ಅದೇ, ಅರ್ಧ ದಿನದ ಕೆಲಸ. ಡ್ರೈವರ್ ಹಬ್ಬದ ಹಾಗೆ ಖುಷಿಪಟ್ಟ. ಮೂರು ತಿಂಗಳ ನಂತರ ರಾಶಿಯಿಂದ ಇಳಿಯುವ ಇಳಿಜಾರಿನಲ್ಲಿ ಡೀಸೆಲ್ ಲೈನಿನಲ್ಲಿ ಗಾಳಿ ಸಿಕ್ಕು ಎಂಜಿನ್ ನಿಂತಿತು. ಎಂಜಿನ್ ನಿಂತರೆ ಪಂಪ್ ನಿಲ್ಲುತ್ತದೆ. ಪಂಪ್ ನಿಂತರೂ ಆರ್ಬಿಟ್ರಾಲಿನ ರೋಟರ್ ಕೈಪಂಪಿನಂತೆ ಕೆಲಸ ಮಾಡಬಲ್ಲದು. ಡ್ರೈವರ್ ತಿರುಗಿಸಿದ ಬಲದಿಂದಲೇ ಎಣ್ಣೆ ಎಳೆದು ಸಿಲಿಂಡರಿಗೆ ದೂಡುತ್ತದೆ. ಇದನ್ನು ಮಾಡಿದವರು ಆ ಗಳಿಗೆಗೆಂದೇ ಈ ಗುಣವನ್ನು ಅದರಲ್ಲಿ ಇಟ್ಟಿದ್ದಾರೆ. ಅವನು ಸೀಟಿನಿಂದ ಎದ್ದು ನಿಂತು, ಎರಡೂ ಕೈ ಹಾಕಿ ಎಳೆದ. ಕಾಲು ಸುತ್ತೂ ಆಗಲಿಲ್ಲ. ಗಾಡಿ ದಾರಿ ಬಿಟ್ಟು ಪಕ್ಕದ ಮಣ್ಣಿನ ದಿಬ್ಬಕ್ಕೆ ಹೋಗಿ ಗುದ್ದಿ ನಿಂತಿತು. ಆ ದಿಬ್ಬದ ಇನ್ನೊಂದು ಮಗ್ಗುಲಲ್ಲಿ ಮೂವತ್ತಡಿ ಕಣಿವೆ. ಅವನ ಭುಜದ ಸ್ನಾಯು ಹರಿದಿತ್ತು, ಜೀವಕ್ಕೆ ಏನೂ ಆಗಲಿಲ್ಲ. ಯೂನಿಟ್ ಕೆಟ್ಟಿತ್ತೇನೋ ಎಂದು ಬಿಚ್ಚಿ ನೋಡಿದೆ. ಹೊಸದರಂತೆ ಹೊಳೆಯುತ್ತಿತ್ತು. ತಪ್ಪು ಇದ್ದದ್ದು ನನ್ನ ಆಯ್ಕೆಯಲ್ಲಿ.

ಆ ರಾತ್ರಿ ಕೂತು ಮಾಡಿದ ಲೆಕ್ಕವನ್ನೇ ನಿನಗೆ ಕೊಡುತ್ತಿದ್ದೇನೆ. ಚಕ್ರಕ್ಕೆ ಬೇಕಾದ ತಿರುಚುಬಲ ಎಂದರೆ ಸಿಸಿಯನ್ನು ಒತ್ತಡದಿಂದ ಗುಣಿಸಿ, ಪೈನ ಎರಡು ಪಟ್ಟಿನಿಂದ ಭಾಗಿಸಿದ್ದು. ಗಾಡಿ ಉರುಳುತ್ತಿರುವಾಗ ತಿರುಗಲು ಸಿಲಿಂಡರಿಗೆ 50 ಬಾರ್ ಸಾಕು ಎಂದಿಟ್ಟುಕೊ. ನಿನ್ನ 200 ಸಿಸಿಗೆ ಸುಮಾರು 159 ನ್ಯೂಟನ್ ಮೀಟರ್ ಬರುತ್ತದೆ. ಚಕ್ರದ ವ್ಯಾಸ 400 ಮಿ.ಮೀ. ಆದರೆ ಅಂಚಿನಲ್ಲಿ ಸುಮಾರು 80 ಕೆಜಿ ಬಲ ಹಾಕಬೇಕು. ಒಂದು ಮೂಟೆ ಅಕ್ಕಿಗಿಂತ ಹೆಚ್ಚು, ಅದೂ ಕೂತಲ್ಲಿಂದ, ಸುತ್ತು ಸುತ್ತಿಗೆ. 160 ಸಿಸಿಗೆ 65 ಕೆಜಿ, 125ಕ್ಕೆ 51. ಒಳಗಿನ ಉಜ್ಜಾಟ, ಸೋರಿಕೆ ಸೇರಿಸಿದರೆ ಇನ್ನೂ ಏರುತ್ತದೆ. ನಿಂತ ಗಾಡಿಯ ಗಾಲಿ ತಿರುಗಿಸಲು 50 ಬಾರ್ ಎಲ್ಲಿಗೂ ಸಾಲದು, ಆ ಮಾತು ಬೇರೆ. ಪಂಪ್ ಓಡುತ್ತಿರುವಾಗ ಇದೇ ಚಕ್ರಕ್ಕೆ ಎರಡು ಮೂರು ನ್ಯೂಟನ್ ಮೀಟರ್ ಸಾಕು, ಕಿರುಬೆರಳಿನಿಂದ ತಿರುಗುತ್ತದೆ. ಆ ಹಗುರತನಕ್ಕೆ ಎಲ್ಲರೂ ಮಾರುಹೋಗುತ್ತಾರೆ. ಟೆಸ್ಟ್ ಡ್ರೈವಿನಲ್ಲಿ 125ಕ್ಕೂ 200ಕ್ಕೂ ಕೈಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

ಹಾಗಾದರೆ 200 ಬೇಡವೇ ಎಂದರೆ, 125 ಹಾಕಿದರೆ ಆರೂವರೆ ಸುತ್ತು ಬರುತ್ತದೆ. ಟಿಪ್ಪರ್ ತುಂಬಿಸುವ ಡ್ರೈವರನಿಗೆ ದಿನಕ್ಕೆ ಸಾವಿರಾರು ಸುತ್ತು ಹೆಚ್ಚಾಗುತ್ತದೆ, ಅವನ ಭುಜದ ನೋವೂ ಸುಳ್ಳಲ್ಲ. ಇದಕ್ಕೆ ಇರುವ ದಾರಿಗಳು ಎರಡು. ಒಂದು, ಎರಡು ರೋಟರ್ ಜೋಡಿ ಇರುವ ಯೂನಿಟ್. ಒತ್ತಡ ಇರುವಾಗ ಎರಡೂ ಕೂಡಿ ಅಳೆಯುತ್ತವೆ, ಪಂಪ್ ಸತ್ತರೆ ದೊಡ್ಡದು ತಾನಾಗಿ ಕಳಚಿಕೊಂಡು ಚಿಕ್ಕದೊಂದೇ ಉಳಿಯುತ್ತದೆ. ಆ ಚಿಕ್ಕದು 70 ಸಿಸಿ ಆಗಿದ್ದರೆ ನಿನ್ನ ಗಾಡಿಗೆ 28 ಕೆಜಿ ಬಲ ಸಾಕು. ಹನ್ನೊಂದೂವರೆ ಸುತ್ತು ಸುತ್ತಬೇಕಾಗುತ್ತದೆ, ಆದರೆ ಸುತ್ತಲಿಕ್ಕೆ ಆಗುತ್ತದೆ. ಇನ್ನೊಂದು, ಬ್ಯಾಟರಿಯಿಂದ ಓಡುವ ಅಥವಾ ಗಾಲಿಯ ತಿರುಗಾಟದಿಂದಲೇ ಓಡುವ ತುರ್ತು ಪಂಪ್. ದೊಡ್ಡ ಗಾಡಿಗಳಲ್ಲಿ ಇದೇ ರೂಢಿ. ನೆಲ ಅಗೆಯುವ, ಮಣ್ಣು ಹೊರುವ ಗಾಲಿಯಂತ್ರಗಳ ಸ್ಟೀರಿಂಗಿಗೆಂದೇ ಐಎಸ್‌ಒ 5010 ಎಂಬ ಮಾನದಂಡ ಇದೆ. ಎಂಜಿನ್ ನಿಂತಾಗಿನ ಸ್ಟೀರಿಂಗ್ ಬಗ್ಗೆ ಅದರಲ್ಲಿ ಹೇಳಿದ್ದಾರೆ. ನಿಮ್ಮ ಆಫೀಸಿನಲ್ಲಿ ಅದರ ಪ್ರತಿ ಇರಲೇಬೇಕು, ಇಲ್ಲದಿದ್ದರೆ ತರಿಸಲು ಹೇಳು. ಖರ್ಚು ಹೆಚ್ಚಾಯಿತು ಎಂದು ಮ್ಯಾನೇಜರ್ ಅಂದರೆ ಈ 80 ಕೆಜಿಯ ಲೆಕ್ಕವನ್ನು ಅವರ ಮುಂದಿಡು. ವಾದ ಮಾಡಬೇಡ, ಲೆಕ್ಕ ತೋರಿಸು.

ನಿನಗೆ ನನ್ನ ಸಲಹೆ ಎರಡು ಜೋಡಿಯ ಯೂನಿಟ್. ಚಿಕ್ಕ ಗಾಡಿಗೆ ತುರ್ತು ಪಂಪ್, ಅದರ ವಾಲ್ವು, ವೈರಿಂಗು ಎಲ್ಲ ಸೇರಿಸಿದರೆ ಕೆಡುವ ಜಾಗಗಳು ಹೆಚ್ಚುತ್ತವೆ. ಬ್ಯಾಟರಿ ಸತ್ತ ಗಾಡಿಯನ್ನು ದೂಡಿ ಚಾಲು ಮಾಡುವ ನಮ್ಮ ಸೈಟುಗಳಲ್ಲಿ ಜೀವವನ್ನು ಬ್ಯಾಟರಿಯ ಕೈಗೆ ಬಿಡಲು ನನಗೆ ಮನಸ್ಸು ಒಪ್ಪುವುದಿಲ್ಲ.

ಪಂಪಿನ ಮಾತಿಗೆ ಬಾ. ನೀನು ಫುಲ್ ಆರ್‌ಪಿಎಮ್‌ನಲ್ಲಿ ನಿಮಿಷಕ್ಕೆ 35 ಲೀಟರ್ ಸಿಗುತ್ತದೆ ಎಂದು ಬರೆದಿದ್ದೀಯ. ಇಳಿಜಾರಿನಲ್ಲಿ, ಟಿಪ್ಪರಿನ ಹತ್ತಿರ, ಗೇಟಿನ ಸಂದಿಯಲ್ಲಿ ಗಾಡಿ ತಿರುಗಿಸುವಾಗ ಯಾರ ಕಾಲೂ ಆಕ್ಸಲರೇಟರ್ ಮೇಲೆ ಪೂರ್ತಿ ಇರುವುದಿಲ್ಲ. ಐಡಲ್‌ನಲ್ಲಿ ನೋಡು. 16 ಸಿಸಿ ಪಂಪ್, 800 ಸುತ್ತು, ಸೋರಿಕೆ ಕಳೆದು ಹನ್ನೊಂದೂವರೆ ಲೀಟರ್. 200 ಸಿಸಿಯಿಂದ ಭಾಗಿಸಿದರೆ ನಿಮಿಷಕ್ಕೆ 57 ಸುತ್ತು. ಡ್ರೈವರ್ ಇದಕ್ಕಿಂತ ಜೋರಾಗಿ ತಿರುಗಿಸಿದರೆ ಚಕ್ರ ಕೈಗೆ ಬಿಗಿ ಹಿಡಿಯುತ್ತದೆ, ಗೋಡೆಗೆ ತಾಗಿದ ಹಾಗೆ. ಇದು ತೀರಾ ಕೆಟ್ಟದ್ದಲ್ಲ, ಆದರೆ ಅಂಚಿನಲ್ಲಿದೆ. ಎರಡು ವರ್ಷ ಓಡಿ ಪಂಪ್ ಸವೆದ ಮೇಲೆ, ಮೇ ತಿಂಗಳ ಬಳ್ಳಾರಿ ಬಿಸಿಲಿನಲ್ಲಿ ಎಣ್ಣೆ ನೀರಾದಾಗ ಏನು ಉಳಿಯುತ್ತದೆ ಎಂದು ಯೋಚಿಸು. ಪಂಪನ್ನು ಒಂದು ಅಳತೆ ದೊಡ್ಡದು ಮಾಡು.

ಬಕೆಟ್ಟಿಗೂ ಸ್ಟೀರಿಂಗಿಗೂ ಒಂದೇ ಪಂಪ್ ಎಂದಿದ್ದೀಯ. ಹಾಗಿದ್ದರೆ ಲೋಡ್ ಸೆನ್ಸಿಂಗ್ ಯೂನಿಟ್ ಮತ್ತು ಪ್ರಯಾರಿಟಿ ವಾಲ್ವ್ ಎರಡನ್ನೂ ಕೂಡಿಯೇ ಆರಿಸು, ಒಂದೇ ಕಂಪನಿಯದ್ದಾದರೆ ಒಳ್ಳೆಯದು. ಊಟಕ್ಕೆ ಕೂತಾಗ ಮೊದಲು ಮಕ್ಕಳಿಗೆ ಬಡಿಸಿದ ಹಾಗೆ ಆ ವಾಲ್ವ್ ಮೊದಲು ಸ್ಟೀರಿಂಗಿಗೆ ಬೇಕಾದಷ್ಟು ಕೊಟ್ಟು ಉಳಿದದ್ದನ್ನು ಬಕೆಟ್ಟಿಗೆ ಬಿಡುತ್ತದೆ. ಎಷ್ಟು ಬೇಕು ಎಂದು ಅದಕ್ಕೆ ಹೇಳುವುದು ಬೆರಳುಗಾತ್ರದ ಸಿಗ್ನಲ್ ಹೋಸು. ಅದು ಮಡಚಿದರೆ, ಅದರಲ್ಲಿ ಕಸ ಸಿಕ್ಕರೆ ಸ್ಟೀರಿಂಗ್ ಕಲ್ಲಾಗುತ್ತದೆ, ಎಷ್ಟೋ ಮೆಕ್ಯಾನಿಕ್‌ಗಳು ಅದನ್ನು ಬಿಟ್ಟು ಉಳಿದದ್ದೆಲ್ಲ ಬಿಚ್ಚುತ್ತಾರೆ. ಡ್ರಾಯಿಂಗಿನಲ್ಲಿ ಆ ಹೋಸಿಗೆ ಒಳ್ಳೆಯ ಜಾಗ ಕೊಡು, ಚಾಸಿಯ ಮೂಲೆಗೆ ಒತ್ತಿ ಹಾಕಬೇಡ.

ಓಪನ್ ಸೆಂಟರ್, ಕ್ಲೋಸ್ಡ್ ಸೆಂಟರ್ ಎನ್ನುವ ಭೇದ ನಿನಗೆ ಕಾಲೇಜಿನಲ್ಲಿ ಹೇಳಿದ್ದಾರೆ, ವಿವರಿಸುವುದಿಲ್ಲ. ಇಷ್ಟು ಮಾತ್ರ ತಿಳಿದಿರಲಿ: ಹೊರಗಿನಿಂದ ನೋಡಿದರೆ ಅವು ಅವಳಿ ಮಕ್ಕಳು. ಸಾದಾ ಗೇರ್ ಪಂಪ್ ಇರುವ ಗಾಡಿಗೆ ಕ್ಲೋಸ್ಡ್ ಸೆಂಟರ್ ಹಾಕಿದರೆ ಎಣ್ಣೆಗೆ ವಾಪಸ್ ದಾರಿ ಇಲ್ಲದೆ ರಿಲೀಫ್ ವಾಲ್ವಿನ ಮೇಲೇ ಕೂತು ಅರ್ಧ ಗಂಟೆಯಲ್ಲಿ ಟ್ಯಾಂಕ್ ಮುಟ್ಟಲಾಗದಷ್ಟು ಕಾಯುತ್ತದೆ. ಬದಲಿ ಯೂನಿಟ್ ಕೊಳ್ಳುವವರು ನಾಮಫಲಕದ ಮೇಲಿನ ಪೇಂಟ್ ಕೆರೆದು ಕೋಡ್ ಓದದೆ, ಬರೀ ಪೋರ್ಟ್ ಅಳತೆ ಹೇಳಿ ತರುವುದರಿಂದ ಆಗುವ ಅವಾಂತರ ಇದು. ರಿಯಾಕ್ಷನ್, ನಾನ್-ರಿಯಾಕ್ಷನ್ ವಿಚಾರದಲ್ಲಿ ನಿನ್ನದು ಮಡಚುವ ಗಾಡಿ, ಕಣ್ಣು ಮುಚ್ಚಿ ನಾನ್-ರಿಯಾಕ್ಷನ್ ತಗೋ. ಗಾಲಿಗೆ ತಾಗಿದ ಕಲ್ಲಿನ ಏಟು ಡ್ರೈವರನ ಕೈಗೆ ಬರುವುದು ಬೇಡ.

ಆದರೆ ಆ ಏಟು ಎಲ್ಲಾದರೂ ಹೋಗಲೇಬೇಕಲ್ಲ. ಸಿಲಿಂಡರಿನೊಳಗೆ ಎಣ್ಣೆ ಅದುಮಿಕೊಂಡು ಒತ್ತಡ ಒಂದು ಕ್ಷಣಕ್ಕೆ ಏರುತ್ತದೆ, ದಾರಿ ಸಿಗದಿದ್ದರೆ ಹೋಸು ಒಡೆಯುತ್ತದೆ. ಆದ್ದರಿಂದ ಶಾಕ್ ವಾಲ್ವ್ ಒಳಗೇ ಇರುವ ಯೂನಿಟ್ ಕೇಳು, ಅವುಗಳ ಸೆಟ್ಟಿಂಗ್ ಸ್ಟೀರಿಂಗ್ ರಿಲೀಫಿಗಿಂತ 50-60 ಬಾರ್ ಮೇಲಿರಲಿ. ಜೊತೆಗೆ ಸಕ್ಷನ್ ವಾಲ್ವೂ ಬೇಕು, ಒಂದು ಕಡೆ ಎಣ್ಣೆ ಹೊರಬಿದ್ದಾಗ ಇನ್ನೊಂದು ಕಡೆ ಖಾಲಿಯಾಗಬಾರದು. ಕೆಲವರು ಬೆಲೆ ಇಳಿಸಲು ಇವನ್ನು ಬಿಡಿಸಿ ತರಿಸುತ್ತಾರೆ.

ಇನ್ನು ಕೂರಿಸುವ ಕೆಲಸ. ಇದನ್ನು ಡಿಸೈನ್ ಮಾಡುವವರು ಫಿಟ್ಟರಿಗೆ ಬಿಟ್ಟುಬಿಡುತ್ತಾರೆ, ಫಿಟ್ಟರು ಸುತ್ತಿಗೆಗೆ ಬಿಟ್ಟುಬಿಡುತ್ತಾನೆ. ಕಾಲಮ್ಮಿನ ಹಲ್ಲು ಸ್ಪೂಲಿನೊಳಗೆ ಕೂತ ಮೇಲೂ ತಳಕ್ಕೆ ತಾಗದೆ ಒಂದೆರಡು ಮಿಲಿಮೀಟರ್ ಸಂದು ಇರಬೇಕು. ಕಾಲಮ್ ಸ್ಪೂಲನ್ನು ಒತ್ತಿ ಹಿಡಿದರೆ ಎಲೆ ಸ್ಪ್ರಿಂಗುಗಳು ಅದನ್ನು ನಡುವಿಗೆ ತರಲಾರವು. ಕೈ ಬಿಟ್ಟ ಮೇಲೂ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತಲೇ ಇರುತ್ತದೆ. ನಾನು ಮಾಡುವುದು ಹೀಗೆ: ಒಂದು ನೆಲ್ಲಿಕಾಯಿಯಷ್ಟು ಚಪಾತಿ ಹಿಟ್ಟನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಸ್ಪೂಲಿನ ತೂತಿನ ತಳಕ್ಕಿಟ್ಟು, ಕಾಲಮ್ ಕೂರಿಸಿ ಬೋಲ್ಟ್ ಬಿಗಿದು, ಮತ್ತೆ ಬಿಚ್ಚಿ ಹಿಟ್ಟಿನ ದಪ್ಪ ಅಳೆಯುತ್ತೇನೆ. ನಿಮ್ಮ ದೊಡ್ಡಮ್ಮ ಬೆಳಗ್ಗೆ ಹಿಟ್ಟು ನಾದುವಾಗಲೇ ಕೇಳುತ್ತಾಳೆ, ಇವತ್ತು ಸ್ಟೀರಿಂಗ್ ಕೆಲಸ ಇದೆಯಾ ಎಂದು.

ಕಸದ ಬಗ್ಗೆ ನಾನು ಎಷ್ಟು ಹೇಳಿದರೂ ಸಾಲದು. ಸ್ಪೂಲಿಗೂ ಸ್ಲೀವಿಗೂ ನಡುವಿನ ಸಂದು ಕೆಲವೇ ಮೈಕ್ರಾನ್. ನಿನ್ನ ತಲೆಗೂದಲು ಸುಮಾರು 70 ಮೈಕ್ರಾನ್. ಸಂಡೂರಿನ ಕೆಂಪು ಧೂಳು ಕಬ್ಬಿಣದ ಅದಿರಿನ ಪುಡಿ, ಉಜ್ಜುಕಾಗದವನ್ನೇ ಅರೆದು ಎಣ್ಣೆಗೆ ಸುರಿದ ಹಾಗೆ. ಟ್ಯಾಂಕಿನ ಬ್ರೀದರ್ ಕ್ಯಾಪಿಗೆ ಹತ್ತು ರೂಪಾಯಿ ಉಳಿಸಿದ ಗಾಡಿಯಲ್ಲಿ ವರ್ಷದೊಳಗೆ ಸ್ಪೂಲಿನ ಮೈಮೇಲೆ ಉಗುರಿಗೆ ಸಿಗುವಂಥ ಗೀರು ಕಂಡಿದ್ದೇನೆ. ವಾಪಸ್ ಲೈನಿನಲ್ಲಿ 10 ಮೈಕ್ರಾನಿನ ಫಿಲ್ಟರ್ ಹಾಕು, ಅದನ್ನು ಬದಲಿಸಲು ಕೈ ಹೋಗುವಂಥ ಜಾಗದಲ್ಲಿ ಹಾಕು. ಮೊದಲ ಸಲ ಗಾಡಿ ಚಾಲು ಮಾಡುವ ಮುಂಚೆ ಹೊಸ ಹೋಸುಗಳನ್ನು ತೊಳೆಸು. ಹೋಸು ಕತ್ತರಿಸಿದಾಗಿನ ರಬ್ಬರ್ ಪುಡಿ ಒಳಗೇ ಇರುತ್ತದೆ. ಶೆಡ್ಡಿನಲ್ಲಿ ಬನಿಯನ್ ವೇಸ್ಟ್ ಬಟ್ಟೆಯಿಂದ ಸ್ಪೂಲ್ ಒರೆಸುವುದನ್ನು ಕಂಡರೆ ತಡೆ, ಒಂದು ನೂಲೆಳೆ ಸಾಕು.

ರಿಪೇರಿಗೆ ಬಂದ ಯೂನಿಟ್ ಬಿಚ್ಚುವಾಗ ಕೆಳಗಿನ ಮುಚ್ಚಳದ ಏಳು ಬೋಲ್ಟುಗಳಲ್ಲಿ ಒಂದು ಬೇರೆ ಥರ ಇರುವುದನ್ನು ಗಮನಿಸು, ಅದರ ತುದಿಯಲ್ಲಿ ಪಿನ್ ಇರುತ್ತದೆ. ಆ ತೂತಿನೊಳಗೆ ಕಡಲೆಕಾಳಿನಂಥ ಉಕ್ಕಿನ ಗುಂಡು. ಎಂಜಿನ್ ನಿಂತಾಗ ರೋಟರ್ ಟ್ಯಾಂಕಿನಿಂದ ಎಣ್ಣೆ ಎಳೆದುಕೊಳ್ಳುವುದು ಆ ಗುಂಡಿನ ದಾರಿಯಿಂದ. ಯೂನಿಟ್ ತಲೆಕೆಳಗು ಮಾಡಿದಾಗ ಅದು ಉರುಳಿ ಬೆಂಚಿನ ಕೆಳಗೆ ಹೋಗುತ್ತದೆ, ಹುಡುಗರಿಗೆ ಗೊತ್ತೇ ಆಗುವುದಿಲ್ಲ. ಆಮೇಲೆ ಪಂಪಿನ ಎಣ್ಣೆ ಅಲ್ಲಿಂದಲೇ ಟ್ಯಾಂಕಿಗೆ ಸೋರಿ ಸ್ಟೀರಿಂಗ್ ಸೊರಗುತ್ತದೆ. ನನ್ನ ಶೆಡ್ಡಿನಲ್ಲಿ ಸ್ಟೀಲ್ ತಟ್ಟೆಯ ಮೇಲಲ್ಲದೆ ಯಾರೂ ಆರ್ಬಿಟ್ರಾಲ್ ಬಿಚ್ಚುವಂತಿಲ್ಲ.

ಕೊನೆಗೆ ಕೊಳ್ಳುವ ಮಾತು. ಮೂರು ಕೊಟೇಶನ್ ತರಿಸಿದ್ದೀಯ, ಬೆಲೆಯಲ್ಲಿ ದುಪ್ಪಟ್ಟು ವ್ಯತ್ಯಾಸ ಇದೆ. ಕಮ್ಮಿ ಬೆಲೆಯದ್ದನ್ನು ನಾನು ಹಳಿಯುವುದಿಲ್ಲ, ಚೆನ್ನಾಗಿ ಓಡಿದವನ್ನೂ ಕಂಡಿದ್ದೇನೆ. ಆದರೆ ಒಂದು ಕೇಳು: ಆ ಯೂನಿಟ್ಟಿನ ಸೀಲ್ ಕಿಟ್ ಹೊಸಪೇಟೆಯಲ್ಲೋ ಕಲಬುರಗಿಯಲ್ಲೋ ಅಂಗಡಿಯಲ್ಲಿ ಸಿಗುತ್ತದೆಯೇ? ಸಿಗದಿದ್ದರೆ ನಿನ್ನ ಗಾಡಿ ಕೊಂಡವನು ನಲವತ್ತು ರೂಪಾಯಿಯ ಓ-ರಿಂಗಿಗಾಗಿ ವಾರಗಟ್ಟಲೆ ಕಾಯುತ್ತಾನೆ, ಅಥವಾ ಅಳತೆ ತಪ್ಪಿದ ರಿಂಗ್ ತುರುಕಿಸಿಕೊಂಡು ಓಡಿಸುತ್ತಾನೆ. ನಮ್ಮಲ್ಲಿ ಆಗುವುದು ಬಹುತೇಕ ಎರಡನೆಯದು.

ಟೆಸ್ಟ್ ಗಾಡಿ ಮುಂದಿನ ತಿಂಗಳು ಸಿದ್ಧವಾಗುತ್ತದೆ ಎಂದಿದ್ದೀಯ. ಅದು ಶೆಡ್ಡಿನಿಂದ ಹೊರಬಂದ ದಿನ ಸಮನಾದ ಅಂಗಳದಲ್ಲಿ, ಎದುರಿಗೆ ಯಾರೂ ಇಲ್ಲದಾಗ ನಿಧಾನಕ್ಕೆ ಉರುಳಲು ಬಿಟ್ಟು ಎಂಜಿನ್ ಆಫ್ ಮಾಡಿಸು. ಟೆಸ್ಟ್ ಡ್ರೈವರನ ಕೈಗೆ ಕೊಡಬೇಡ, ಅವನ ತೋಳು ಗಟ್ಟಿ. ಪಕ್ಕದಲ್ಲಿ ಅವನು ಬ್ರೇಕ್ ಮೇಲೆ ಕಾಲಿಟ್ಟಿರಲಿ, ಚಕ್ರ ನೀನು ಹಿಡಿ. ಲಾಕ್‌ವರೆಗೆ ಎಷ್ಟು ಸುತ್ತಲು ಆಯಿತು, ಎಲ್ಲಿ ಕೈ ಸೋತಿತು ಎಂದು ಬರೆದಿಟ್ಟುಕೊಂಡು ಅವತ್ತೇ ಸಂಜೆ ನನಗೆ ಫೋನ್ ಮಾಡು. ಹತ್ತು ಗಂಟೆಯಾದರೂ ಎದ್ದಿರುತ್ತೇನೆ.

ನಿನ್ನ ದೊಡ್ಡಪ್ಪ